ದಾವಲಣ್ಣನ ಐದು ನಿಮಿಷ

ದಾವಲಣ್ಣ ಎದುರಿಗೆ ಬರುವುದು ಕಂಡರೆ ಬೆಟಗೇರಿಯ ನಮ್ಮ ಓಣಿಯ ಜನ ಮೊದಲು ಮೊಬೈಲನ್ನು ಕಿಸೆಗೆ ಇಳಿಸುತ್ತಿದ್ದರು. ಅದು ಹೊರಗೆ ಕಂಡಿತೋ, ಮುಗಿಯಿತು ಕಥೆ. ನಮಸ್ಕಾರವಿಲ್ಲ, ಆರಾಮ ಇದ್ದೀರೇನು ಅಂತ ಕೇಳುವುದಿಲ್ಲ, ಸೀದಾ ಕೈ ಚಾಚಿ, "ಇಲ್ಲೆ ಕೊಡ್ರಿ ಒಂದೀಟು" ಅನ್ನುವರು. ಕೊಟ್ಟ ಮೊಬೈಲ್ ವಾಪಸ್ ಬರುವಷ್ಟರಲ್ಲಿ ಅವರು ತಯಾರಿಸಿದ ಯಾವುದೋ ಒಂದು ಟೂಲ್ ಅದರೊಳಗೆ ಬಂದು ಕೂತಿರುತ್ತಿತ್ತು. "ಫುಕಟ್ ಐತ್ರಿ. ತಪ್ಪಿದ್ರ ನನ್ನ ಬೈರಿ, ಚೊಲೊ ಇದ್ರ ಇನ್ನೊಬ್ಬರಿಗೆ ಕೊಡ್ರಿ" ಅನ್ನುವುದು ಅವರ ಮಾಮೂಲು ಮಾತು. ಬೈಯುವವರು ಬೈದರು, ಕೊಡುವವರು ಕೊಟ್ಟರು. ದಾವಲಣ್ಣನಿಗೆ ಎರಡರಲ್ಲೂ ಖುಷಿಯೇ ಇತ್ತು.

ಪೂರ್ತಿ ಹೆಸರು ದಾವಲಸಾಬ. ಓಣಿಯ ಮಸೀದಿಯ ಎದುರಿಗೆ ಅವರದೊಂದು ಸಣ್ಣ ಪ್ರೆಸ್ ಇತ್ತು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಅಂಗಡಿ ಶುರುವಾದರೆ ಹಂಚುವ ಹ್ಯಾಂಡ್‌ಬಿಲ್ಲು, ಇಂಥವು ಅಲ್ಲಿ ಅಚ್ಚಾಗುತ್ತಿದ್ದವು. ನಾನು ಅಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವವಳು. ನಮ್ಮ ಮನೆಯಲ್ಲಿ ಸೀರೆ ನೇಯುತ್ತಾರೆ. ಮಗ್ಗದ ಸದ್ದು ತಪ್ಪಿದರೆ ಸಾಕು ಅಂತ ಪ್ರೆಸ್ಸಿಗೆ ಸೇರಿದವಳು, ಅಲ್ಲಿ ಅಚ್ಚಿನ ಮಷೀನಿನ ಸದ್ದಿಗೂ ದಾವಲಣ್ಣನ ಬಾಯಿಗೂ ಒಟ್ಟಿಗೇ ಸಿಕ್ಕಿಬಿದ್ದೆ. ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವರು. ಎತ್ತರದ ಆಳು, ಸ್ಟೂಲಿನ ಮೇಲೆ ಒಂದು ಕಾಲು ಮಡಚಿ ಕೂರುವರು, ಹೆಬ್ಬೆರಳಿನ ಉಗುರಿಗೆ ಯಾವಾಗಲೂ ಮಸಿ. ಆ ಮಸಿಯ ಬೆರಳಿಂದಲೇ ಕೀಬೋರ್ಡ್ ಒತ್ತಿ ಒತ್ತಿ, ಯಾವ ಅಕ್ಷರ ಎಲ್ಲಿದೆ ಅನ್ನುವುದು ನನಗೊಬ್ಬಳಿಗೇ ಗೊತ್ತಿರುವ ಹಾಗೆ ಮಾಡಿಬಿಟ್ಟಿದ್ದರು.

ಪ್ರೋಗ್ರಾಮ್ ಬರೆಯುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರೆಸ್ಸಿಗೆ ಹಳೆಯ ಕಂಪ್ಯೂಟರ್ ತಂದ ದಿನದಿಂದ ಅದರ ಬೆನ್ನುಬಿದ್ದು ಕಲಿತಿದ್ದರು. ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಹೊಸ ಅಕ್ಷರಕ್ಕೆ ತಿರುಗಿಸುವುದೊಂದು, ಸೀರೆಯ ದಡಿಯ ಚಿತ್ರವನ್ನು ನೇಕಾರರಿಗೆ ಬೇಕಾದ ಹಾಗೆ ಚೌಕುಳಿ ಚೌಕುಳಿಯಾಗಿ ಬಿಡಿಸಿಕೊಡುವುದೊಂದು, ಹೀಗೆ ಸಣ್ಣ ಸಣ್ಣ ಟೂಲು. ಮಾಡಿದ್ದರ ಕೋಡನ್ನೆಲ್ಲ ತಮ್ಮ ವೆಬ್‌ಸೈಟಿನಲ್ಲಿ ಬಿಚ್ಚಿಡುವರು. ಯಾರು ಬೇಕಾದರೂ ನೋಡಬಹುದು, ಒಯ್ಯಬಹುದು, ತಿದ್ದಬಹುದು. "ಮಂದಿ ನೋಡ್ಲಿ ಬಿಡವಾ. ಮುಚ್ಚಿಡಾಕ ನಾನೇನು ಕಳವು ಮಾಡೀನಿ?" ಅನ್ನುವರು.

ಆ ವೆಬ್‌ಸೈಟಿನದೇ ಒಂದು ಗೋಳು. ಜನ ಹಬ್ಬಕ್ಕೊಮ್ಮೆ ಮನೆಗೆ ಸುಣ್ಣ ಹಚ್ಚುತ್ತಾರೆ, ಇವರು ವಾರಕ್ಕೊಮ್ಮೆ ವೆಬ್‌ಸೈಟಿನ ಬಣ್ಣ ಬದಲಿಸುವರು. ಒಂದು ವಾರ ಹಸಿರು, ಇನ್ನೊಂದು ವಾರ ಗುಲಾಬಿ. ಮೂಲೆಯಲ್ಲಿ ಎಷ್ಟು ಜನ ಬಂದರು ಅಂತ ಎಣಿಸುವ ಅಂಕಿ. ಅದು ಏರಿದಾಗೊಮ್ಮೆ, "ನೋಡು, ಯಾರೋ ಬಂದ್ರು" ಅಂತ ನನ್ನ ಕೆಲಸ ನಿಲ್ಲಿಸಿ ತೋರಿಸುವರು. ಬಂದವರು ಯಾರು? ಒಳಗೆ ಮೊಬೈಲ್ ಹಿಡಿದು ಕೂತ ಅವರ ಹೆಂಡತಿ ನೂರಜಾನ ಭಾಭಿ. ಭಾಭಿ ಬೇಕೆಂದೇ ಹಾಗೆ ಮಾಡುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು, ಹೇಳಲು ಮನಸ್ಸಾಗಲಿಲ್ಲ.

ಇಂಥವರ ಜೊತೆ ನಾಲ್ಕು ಜನರ ನಡುವೆ ಹೋಗುವುದೆಂದರೆ ನನಗೆ ಜೀವ ಹಿಡಿಯಷ್ಟಾಗುತ್ತಿತ್ತು. ಒಮ್ಮೆ ಲಕ್ಷ್ಮೇಶ್ವರದಲ್ಲಿ ನಮ್ಮದೇ ಗಿರಾಕಿಯೊಬ್ಬರ ಮಗನ ಮದುವೆ. ಭಾಭಿ, ನಾನು, ದಾವಲಣ್ಣ ಮೂವರೂ ಹೋದೆವು. ವೇದಿಕೆಯ ಮೇಲೆ ಅಕ್ಷತೆ ಹಾಕಿ, ಮುಯ್ಯಿ ಕೊಟ್ಟು, ಫೋಟೊಕ್ಕೆ ನಿಂತು ಇಳಿಯಬೇಕಲ್ಲ? ದಾವಲಣ್ಣ ಮದುಮಗನ ಕಿವಿಗೆ ಬಾಗಿ ಏನೋ ಅಂದರು. ಮದುಮಗ ಪಾಪ, ಬಾಸಿಂಗ ಸರಿಸಿಕೊಂಡು ಮೊಬೈಲ್ ತೆಗೆದುಕೊಟ್ಟ. ಹಿಂದೆ ಸಾಲು ನಿಂತಿದೆ, ಫೋಟೊದವನು "ಮುಂದ ನಡೀರಿ ಹಿರ್‍ಯಾರ" ಅಂತ ಕೂಗುತ್ತಿದ್ದಾನೆ, ಇವರು ಮದುಮಗನ ಪಕ್ಕದ ಕುರ್ಚಿಯಲ್ಲಿ ಕೂತು ಟೂಲ್ ಇಳಿಸುತ್ತಿದ್ದಾರೆ. ನಾನು ಭಾಭಿಯ ಸೆರಗಿನ ಹಿಂದೆ ಮುಖ ಮರೆಸಿಕೊಂಡೆ. ಭಾಭಿ ನಗುತ್ತಿದ್ದರು. ನಾಚಿಕೆಗೇಡು ಮನುಷ್ಯ ಅಂತ ಅವತ್ತು ಬಸ್ಸಿನಲ್ಲಿ ಅವರ ಎದುರಿಗೇ ಅಂದೆ. "ಹೌದಲ್ಲ" ಅಂದು ಕಿಟಕಿಯ ಪಕ್ಕ ನಿದ್ದೆ ಮಾಡಿದರು.

ತಪ್ಪು ಮಾಡಿದರೂ ಅವರಿಗೆ ಹಗುರ. ಲಗ್ನಪತ್ರಿಕೆಗೆ ಬಂಧುಗಳ ಹೆಸರನ್ನು ತಾನೇ ಜೋಡಿಸುವ ಒಂದು ಟೂಲ್ ಮಾಡಿದ್ದರು. ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಅನ್ನುವುದಕ್ಕೆ ಎಷ್ಟು ಮನೆಗಳಲ್ಲಿ ಮಾತುಕತೆ ನಿಂತಿದೆ ಅನ್ನುವುದು ಪ್ರೆಸ್ಸಿನವರಿಗಷ್ಟೇ ಗೊತ್ತು. ಇವರ ಟೂಲ್ ವಯಸ್ಸು ನೋಡಿ ಜೋಡಿಸುತ್ತಿತ್ತು. ಶಿಗ್ಲಿಯ ಒಂದು ಮನೆಯಲ್ಲಿ ಸೋದರಮಾವ ದೊಡ್ಡಪ್ಪನಿಗಿಂತ ವಯಸ್ಸಿನಲ್ಲಿ ಹಿರಿಯ. ದೊಡ್ಡಪ್ಪನ ಹೆಸರು ಕೆಳಗೆ ಬಂತು. ಪತ್ರಿಕೆಯ ಗಂಟನ್ನು ಮೋಟರ್‌ಸೈಕಲ್ಲಿಗೆ ಕಟ್ಟಿಕೊಂಡು ಆ ದೊಡ್ಡಪ್ಪ ಪ್ರೆಸ್ಸಿಗೇ ಬಂದರು. "ನಾ ಇನ್ನೂ ಜೀವಂತ ಅದೀನಿ. ಮನಿ ಯಜಮಾನನ್ನ ಬೀಗರ ಕೆಳಗ ಕುಂಡ್ರಿಸೀರಲ್ಲ, ನಿಮಗ ಮನಿ-ಮಾರು ಇಲ್ಲೇನು?" ಅಂತ ಕೇಳಿದರು.

ದಾವಲಣ್ಣ ಅವರನ್ನು ಕೂರಿಸಿ ಚಹ ತರಿಸಿದರು. "ಆ ಮಷೀನಿಗೆ ನಿಮ್ಮ ಮನಿ ಮರ್ಯಾದಿ ಗೊತ್ತಿದ್ದಿಲ್ರಿ. ಇವತ್ತ ಕಲಿಸ್ತೀನಿ ಅದಕ್ಕ" ಅಂದರು. ಪತ್ರಿಕೆಯನ್ನು ಮತ್ತೆ ಅಚ್ಚು ಹಾಕಿಕೊಟ್ಟರು. ದೊಡ್ಡಪ್ಪ ಹೋಗುವಾಗ ನಗುತ್ತಲೇ ಹೋದರು, ಮೊಬೈಲಿನಲ್ಲಿ ಸೀರೆ ದಡಿಯ ಟೂಲ್ ಬೇರೆ ಹಾಕಿಸಿಕೊಂಡು. ಅವರ ಮನೆಯಲ್ಲಿ ಸೀರೆ ಯಾರು ನೇಯುತ್ತಾರೋ ನನಗೆ ತಿಳಿಯದು. ಆಮೇಲೆ ದಾವಲಣ್ಣ ನನಗೊಂದು ಕೆಲಸ ಹಚ್ಚಿದರು. ಪ್ರೆಸ್ಸಿನಲ್ಲಿ ಯಾವ ಪ್ರೂಫನ್ನೂ ಇಬ್ಬರು ಓದದೆ ಅಚ್ಚಿಗೆ ಬಿಡುತ್ತಿರಲಿಲ್ಲ. ಟೂಲಿಗೂ ಅದೇ ಕಟ್ಟಳೆ. ಅವರು ಮಾಡಿದ್ದನ್ನು ನಾನು ಒಮ್ಮೆ ಒತ್ತಿ, ಎಳೆದು, ಕೆಡಿಸಲು ನೋಡಿ, ಆಮೇಲೆ ಹೊರಗೆ ಬಿಡುವುದು.

ಇನ್ನು ರಂಜಾನಿನ ವಿಷಯ. ಪ್ರತಿ ವರ್ಷ ರೋಜಾದ, ಅಂದರೆ ಉಪವಾಸದ, ತಿಂಗಳಿಗೆ ನಮ್ಮ ಪ್ರೆಸ್ಸಿನಲ್ಲಿ ವೇಳೆಯ ಕಾರ್ಡು ಅಚ್ಚಾಗುತ್ತಿತ್ತು. ಬೆಳಿಗ್ಗೆ ಎಷ್ಟು ಹೊತ್ತಿಗೆ ಊಟ ನಿಲ್ಲಿಸಬೇಕು, ಸಂಜೆ ಎಷ್ಟು ಹೊತ್ತಿಗೆ ರೋಜಾ ಬಿಡಬೇಕು ಅನ್ನುವ ಕಾರ್ಡು. ಗದಗ ಬೇರೆ ಜಿಲ್ಲೆಯಾಗಿ ಎಷ್ಟೋ ವರ್ಷ ಕಳೆದಿದ್ದರೂ ಆ ಕಾರ್ಡಿನಲ್ಲಿ ಬರುವ ವೇಳೆ ಮಾತ್ರ ಇನ್ನೂ ಧಾರವಾಡದ ಲೆಕ್ಕದ್ದು. ದಾವಲಣ್ಣನಿಗೆ ಅದು ಹಿಡಿಸುತ್ತಿರಲಿಲ್ಲ. "ಜಿಲ್ಲಾ ಬ್ಯಾರೆ ಆತು, ಕಚೇರಿ ಬ್ಯಾರೆ ಆತು, ಸೂರ್ಯ ಇನ್ನೂ ಧಾರವಾಡದ್ದಽ ಏನು?" ಅಂತ ಬಂದವರನ್ನೆಲ್ಲ ಕೇಳುವರು. "ಮುಂಡರಗ್ಯಾಗ ಮೊದಲ ಮುಳಗತಾನ, ಆಮ್ಯಾಲೆ ನಮ್ಮ ಗದಗ-ಬೆಟಗೇರಿ, ಆಮ್ಯಾಲೆ ಶಿರಹಟ್ಟಿ, ಕಡೀಕ ಲಕ್ಷ್ಮೇಶ್ವರ. ಊರ ಊರಿಗೂ ತಂದಽ ಆದ ಹೊತ್ತು ಇರ್ತೈತಿ." ಹಾಗೆ ಊರೂರಿನ ಬೆಳಗಿನ ಹೊತ್ತು, ಸೂರ್ಯಾಸ್ತ ಎರಡರ ಲೆಕ್ಕವನ್ನೂ ಹಾಕುವ ಟೂಲ್ ಮಾಡಿದರು. ನಾನು ಅದನ್ನು ಒತ್ತಿ ನೋಡಿದೆ, ಸರಿಯಿತ್ತು. ಅವರ ಎಲ್ಲ ಟೂಲುಗಳಲ್ಲಿ ಜನ ತಾವಾಗಿಯೇ ಕೇಳಿ ಹಾಕಿಸಿಕೊಂಡದ್ದು ಅದೊಂದೇ. ನಾಲ್ಕೂ ಊರಿಗೆ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ನಮ್ಮ ಮಸೀದಿಯಲ್ಲಿ ನಮಾಜಿಗೆ ಕರೆಯುವ ಬಾಂಗ್ ಕೊಡುವ ಖಾಜಾ ಚಾಚಾ ಕಾರ್ಡನ್ನು ಬದಿಗಿಟ್ಟು ಇದನ್ನು ನೋಡಿ ರೋಜಾ ಬಿಡುವ ಸೈರನ್ ಒತ್ತಲು ಶುರು ಮಾಡಿದರು. ದಾವಲಣ್ಣ ಆ ದಿನಗಳಲ್ಲಿ ನಡೆಯುವ ಗತ್ತೇ ಬೇರೆಯಾಗಿತ್ತು.

ಆ ವರ್ಷ ರಂಜಾನ್ ಮಳೆಗಾಲದಲ್ಲಿ ಬಂದಿತ್ತು. ತಿಂಗಳ ಕೊನೆಯ ದಿನಗಳು. ಟೂಲು ಬೆಳಗಿನ ಹೊತ್ತನ್ನೂ ಸೂರ್ಯ ಮುಳುಗುವ ಹೊತ್ತನ್ನೂ ಇದ್ದದ್ದು ಇದ್ದ ಹಾಗೆ ತೋರಿಸುತ್ತಿತ್ತು. ಜನ ಎಚ್ಚರಿಕೆಗೆಂದು ಬೆಳಿಗ್ಗೆ ಐದು ನಿಮಿಷ ಮೊದಲೇ ಊಟ ನಿಲ್ಲಿಸುತ್ತಿದ್ದರು, ಸಂಜೆ ಐದು ನಿಮಿಷ ತಡೆದು ಬಿಡುತ್ತಿದ್ದರು. ಆ ಐದು ನಿಮಿಷವನ್ನೂ ಟೂಲಿನಲ್ಲೇ ಸೇರಿಸಿಕೊಡಿ ಅಂತ ಲಕ್ಷ್ಮೇಶ್ವರದ ಕಡೆಯವರು ಕೇಳಿದರು. ಒಂದು ಗುರುವಾರ ನಾನು ಕಾಗದ ತರಲು ಗದಗದ ಪೇಟೆಗೆ ಹೋಗಿದ್ದೆ. ದಾವಲಣ್ಣ ರೋಜಾ ಇದ್ದುಕೊಂಡೇ ಮಧ್ಯಾಹ್ನ ಕೂತು ಅದನ್ನು ಸೇರಿಸಿದರು. ನಾನು ಬರುವ ತನಕ ತಡೆಯಬಹುದಿತ್ತು, ತಡೆಯಲಿಲ್ಲ. ಇವತ್ತಿನ ಸಂಜೆಗೇ ಜನರಿಗೆ ಸಿಗಲಿ ಅನ್ನುವ ಅವಸರ. ನಾಲ್ಕೂ ಊರಿನ ಪರಿಚಯದವರ ಮೊಬೈಲಿಗೆ ಕಳಿಸಿಬಿಟ್ಟರು, ಅವರು ಸಂಜೆಯೊಳಗೆ ಉಳಿದವರಿಗೆ ದಾಟಿಸಿದರು.

ಸಂಜೆ ಮೋಡ ಕವಿದಿತ್ತು. ನಾನು ಕಾಗದದ ಗಂಟು ಇಳಿಸಿ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದೆ. ಎದುರಿಗೆ ಮಸೀದಿಯ ಅಂಗಳದಲ್ಲಿ ಜನ ಸಾಲಾಗಿ ಕೂತಿದ್ದಾರೆ, ಮುಂದೆ ಖಜೂರಿ, ಬಾಳೆಹಣ್ಣು, ಮಿರ್ಚಿಭಜಿ. ದಾವಲಣ್ಣ ತಾವೇ ನೀರು ಕೊಡುತ್ತಿದ್ದರು. ಖಾಜಾ ಚಾಚಾ ಮೊಬೈಲ್ ನೋಡಿ ಸೈರನ್ ಒತ್ತಿದರು. ಅಂಗಳದ ಕೈಗಳೆಲ್ಲ ಬಾಯಿಗೆ ಹೋದವು.

ನಮ್ಮ ಓಣಿ ಪಡುವಣಕ್ಕೆ ಹೊಲದ ಕಡೆ ಬಿಚ್ಚಿಕೊಂಡಿದೆ. ಆ ತುದಿಯಲ್ಲಿ ಮೋಡ ಸರಿಯಿತು. ಸೂರ್ಯ ಇದ್ದ. ಚೂರು ಪಾರಲ್ಲ, ಇಡಿಯ ಸೂರ್ಯ, ಹೊಲದ ಮೇಲೆ ದುಂಡಗೆ. ಬಿಸಿಲು ಸೀದಾ ಓಣಿಯೊಳಗೆ ಹರಿದು ಬಂದು ಅಂಗಳದಲ್ಲಿ ಕೂತವರ ಮುಖದ ಮೇಲೆ ಬಿತ್ತು. ಬಾಯಿಯಲ್ಲಿ ಖಜೂರಿ ಇದ್ದವರು ಅಗಿಯುವುದನ್ನು ನಿಲ್ಲಿಸಿದರು. ಒಬ್ಬರು ಅಂಗೈಗೆ ಉಗುಳಿಕೊಂಡರು. ನುಂಗಿದವರು ನುಂಗಿಯಾಗಿತ್ತು. ಖಾಜಾ ಚಾಚಾ ಮೊಬೈಲ್ ನೋಡಿದರು, ಸೂರ್ಯನನ್ನು ನೋಡಿದರು, ಆಮೇಲೆ ದಾವಲಣ್ಣನನ್ನು ನೋಡಿದರು. ಅಂಗಳವೆಲ್ಲ ಅವರನ್ನೇ ನೋಡಿತು. ಅವರ ಕೈಯಲ್ಲಿ ನೀರಿನ ತಂಬಿಗೆ ಹಾಗೇ ಇತ್ತು.

ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಖಾಜಾ ಚಾಚಾ ಮೈಕಿನಲ್ಲಿ, "ಹೊತ್ತು ಇನ್ನೂ ಮುಳುಗಿಲ್ಲ, ತಡೀರಿ, ಯಾರೂ ಬಿಡಬ್ಯಾಡ್ರಿ" ಅಂತ ಕೂಗಿದರು. ಮನೆಮನೆಯಲ್ಲಿ ಹೆಂಗಸರು ಅಷ್ಟರಲ್ಲಿ ನೀರು ಕುಡಿದಾಗಿತ್ತು. ನಾನು ಆ ಮತದವಳಲ್ಲ, ರೋಜಾ ಹಿಡಿದವಳಲ್ಲ, ಆದರೂ ಪ್ರೆಸ್ಸಿನ ಬಾಗಿಲಲ್ಲಿ ನಿಲ್ಲಲು ನನಗೆ ಆಗಲಿಲ್ಲ. ಒಳಗೆ ಹೋಗಿ ಸುಮ್ಮನೆ ಕಾಗದ ಎಣಿಸತೊಡಗಿದೆ.

ದಾವಲಣ್ಣ ಬಂದು ಕಂಪ್ಯೂಟರಿನ ಮುಂದೆ ಕೂತರು. ತಪ್ಪು ಹುಡುಕಲು ಅವರಿಗೆ ಹೊತ್ತೇ ಹಿಡಿಯಲಿಲ್ಲ. "ಇಲ್ಲೆ ನೋಡು ಗಿರಿಜಾ. ಬೆಳಿಗ್ಗೆ ಐದು ನಿಮಿಷ ಕಳೀಬೇಕು, ಸಂಜಿಕ ಐದು ನಿಮಿಷ ಕೂಡಿಸಬೇಕು. ನಾ ಎರಡೂ ಕಡೆ ಕಳದೀನಿ" ಅಂದರು. ಒಂದು ಗೀಟು ಅಷ್ಟೇ. ಅದನ್ನು ತಿದ್ದಿ ವೆಬ್‌ಸೈಟಿಗೆ ಹಾಕಿದರು.

"ಆತಲ್ಲ ಅಣ್ಣಾ, ತಿದ್ದಿದ್ರಿ. ಇನ್ನ ಸುಮ್ಮನಿರ್ರಿ. ಬ್ಯಾರೆ ಊರಾಗ ಮೋಡ ಇದ್ದಿರ್ತೈತಿ, ಯಾರಿಗೂ ಗೊತ್ತಾಗಿರೂದಿಲ್ಲ" ಅಂದೆ.

"ಗೊತ್ತಾಗಿಲ್ಲಂದ್ರ ಆ ರೋಜಾ ಆದಂಗಾತೇನು?" ಅಂದರು. "ಲಗ್ನಪತ್ರಿಕೆ ತಪ್ಪಾದ್ರ ಹೊಳ್ಳಿ ಅಚ್ಚ ಹಾಕಬಹುದು. ಗಂಟಲದಾಗ ಇಳದದ್ದು ಹ್ಯಾಂಗ ತಗೀಲವಾ?"

ಮೌಲ್ವಿಗಳು ಹೇಳಿದ್ದು ಸರಳವಾಗಿತ್ತು. ಸೂರ್ಯ ಇರುವಾಗ ಬಿಟ್ಟದ್ದು ರೋಜಾ ಅಲ್ಲ, ಹಬ್ಬ ಆದ ಮೇಲೆ ಎಲ್ಲರೂ ಅದರ ಬದಲು ಒಂದು ರೋಜಾ ಹಿಡಿಯಬೇಕು. ಅಷ್ಟೇ. ಆದರೆ ಯಾರು ಯಾರು ಹಿಡಿಯಬೇಕು? ಅದನ್ನು ಹೇಳುವವರು ಯಾರು? ಕೊಟ್ಟವರು ಇನ್ನೊಬ್ಬರಿಗೆ ಕೊಟ್ಟು, ಅವರು ಮತ್ತೊಬ್ಬರಿಗೆ ಕೊಟ್ಟು, ಆ ಟೂಲು ಯಾವ ಯಾವ ಮೊಬೈಲಿನಲ್ಲಿದೆ ಅನ್ನುವುದು ಮಾಡಿದವರಿಗೇ ತಿಳಿಯದಾಗಿತ್ತು. ವೆಬ್‌ಸೈಟಿನಲ್ಲಿ ತಿದ್ದಿದರೆ ಮೊಬೈಲಿನೊಳಗಿನದು ತಾನಾಗಿ ತಿದ್ದಿಕೊಳ್ಳುವುದಿಲ್ಲ. ನಾಳೆ ಸಂಜೆಯೂ ಅದು ಐದು ನಿಮಿಷ ಮೊದಲೇ ಹೊತ್ತು ಮುಳುಗಿಸುವುದು. ಇನ್ನೊಬ್ಬರಿಗೆ ಕೊಡ್ರಿ ಅಂತ ಅಷ್ಟು ವರ್ಷ ಹೇಳಿದ ಮನುಷ್ಯ ಈಗ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಮರುದಿನ ಶುಕ್ರವಾರ ಲಕ್ಷ್ಮೇಶ್ವರಕ್ಕೆ ಹೊರಟರು. ಬೆಳಗಿನ ಜಾವ ಒಂದು ತುತ್ತೂ ತಿನ್ನದೆ ರೋಜಾ ಹಿಡಿದಿದ್ದಾರೆ, ದಾರಿಯಲ್ಲಿ ಬಿದ್ದಾರು ಅಂತ ಭಾಭಿ ನನ್ನನ್ನು ಜೊತೆಗೆ ಕಳಿಸಿದರು. ನಮಾಜಿಗೆ ಅವರು ಮಸೀದಿಯೊಳಗೆ ಹೋದರು, ನಾನು ಹೊರಗೆ ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತೆ. ನಮಾಜ್ ಮುಗಿದ ಮೇಲೆ ಮೈಕಿನಲ್ಲಿ ಅವರ ದನಿ ಬಂತು. ಮೊದಲು ಉರ್ದುವಿನಲ್ಲಿ ಹೇಳಿದರು, ಆಮೇಲೆ ಕನ್ನಡದಲ್ಲಿ.

"ನಾನು ಬೆಟಗೇರಿ ದಾವಲಸಾಬ. ನಿನ್ನೆ ನಿಮ್ಮ ರೋಜಾ ಹೊತ್ತಿಗಿಂತ ಮೊದಲ ಬಿಡಿಸಿದಾವ ನಾನು. ನನ್ನ ಟೂಲ್ ನೋಡಿ ಬಿಟ್ಟವರು ಹಬ್ಬ ಆದಮ್ಯಾಲೆ ಒಂದು ರೋಜಾ ಹಿಡೀರಿ. ಹೊರಗ ಚಪ್ಪಲಿ ಬಿಡೂ ಕಡೆ ನಿಂತಿರ್ತೀನಿ, ಮೊಬೈಲ್ ಕೊಡ್ರಿ, ಅಳಿಸ್ತೀನಿ. ನಿಮ್ಮ ಮನ್ಯಾಗ ಹೆಣಮಕ್ಕಳಿಗೂ ಹೇಳ್ರಿ. ಇದು ನನ್ನ ಕುತಗಿ ಮ್ಯಾಲ ಐತಿ."

ಬಾಳೆಹಣ್ಣಿನವನು, "ಯಾರ್‍ರೀ ಅಂವ?" ಅಂತ ಕೇಳಿದ. "ನಮ್ಮ ಪ್ರೆಸ್ಸಿನ ಮಾಲಕರು" ಅಂದೆ. ಅವನಿಗೆ ಕೇಳಿಸಲಿಲ್ಲ, ಮತ್ತೆ ಕೇಳಿದ. ನನ್ನ ದನಿ ಅಷ್ಟು ಸಣ್ಣದಾಗಿತ್ತು. ಅವರು ಮಾಡಿದ ತಪ್ಪಿಗೆ ನಾಚಿಕೆಯೋ, ಊರ ಮುಂದೆ ಅದನ್ನು ಹೀಗೆ ಹರವಿದ್ದಕ್ಕೋ, ನನಗೇ ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು.

ಚಪ್ಪಲಿಗಳ ನಡುವೆ ನಿಂತು ಅವರು ಒಂದೊಂದೇ ಮೊಬೈಲ್ ಇಸಿದುಕೊಂಡು ಟೂಲ್ ಅಳಿಸಿದರು. ಬೆನ್ನು ತಟ್ಟಿ ಹೋದವರಿದ್ದರು. ಮುಖ ನೋಡದೆ ಮೊಬೈಲ್ ಕೊಟ್ಟು ಮುಖ ನೋಡದೆ ತೆಗೆದುಕೊಂಡವರಿದ್ದರು. ಒಬ್ಬ ತರುಣ, "ಗೊತ್ತಿಲ್ಲದ ಕೆಲಸ ಯಾಕ ಮಾಡಾಕ ಹೋಗ್ತೀರಿ?" ಅಂದ. ದಾವಲಣ್ಣ, "ಹೌದು ತಮ್ಮಾ" ಅಂದರು. ಬಾಯಿಗೆ ಬಾಯಿ ಕೊಡುವ ಮನುಷ್ಯ ಹಾಗೆ ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಮೊದಲ ಸಲ ನೋಡಿದೆ.

ಅಲ್ಲಿಂದ ಶಿರಹಟ್ಟಿ. ಅಲ್ಲಿ ಅವರ ಸೋದರತ್ತೆ ಬೀಬಮ್ಮ ಇದ್ದರು. ಸಕ್ಕರೆ ಕಾಯಿಲೆಯ ಮುದುಕಿ. ಡಾಕ್ಟರು ಬೇಡವೆಂದರೂ ಮಗನ ಜೊತೆ ಜಗಳ ತೆಗೆದು ಆ ವರ್ಷ ಒಂದೇ ಒಂದು ರೋಜಾ ಹಿಡಿದಿದ್ದರು. ಅದು ಆ ಗುರುವಾರವೇ. ಮನೆಯ ತಿರುವಿನಲ್ಲಿ ನಾನು ದಾವಲಣ್ಣನನ್ನು ತಡೆದೆ. ಮುದುಕಿಗೆ ಹೇಳಬೇಡಿ, ಹೇಳಿದರೆ ಇನ್ನೊಂದು ಹಿಡಿಯುತ್ತೇನೆ ಅನ್ನುತ್ತಾಳೆ, ಹೆಚ್ಚು ಕಡಿಮೆಯಾದರೆ ಯಾರು ಗತಿ ಅಂತ ಕೇಳಿದೆ. ಅವರು ಸೀದಾ ಒಳಗೆ ಹೋದರು.

ಬೀಬಮ್ಮ ಎಲ್ಲ ಕೇಳಿದರು. "ನೀ ಹೇಳದಿದ್ರ ನನಗ ಗೊತ್ತಽ ಆಗತಿದ್ದಿಲ್ಲ. ಯಾಕ ಬಂದ್ಯೋ?" ಅಂದರು. ದಾವಲಣ್ಣ ಅತ್ತೆಯ ಕಾಲ ಹತ್ತಿರ ನೆಲದ ಮೇಲೆ ಕೂತಿದ್ದರು. "ನಿನಗ ಗೊತ್ತಾಗಂಗಿಲ್ಲ ಅಂತಽ ಬಂದೆ ಅತ್ತಿ" ಅಂದರು. ಬೀಬಮ್ಮನ ಮಗ ಬಾಗಿಲಲ್ಲಿ ನಿಂತು, "ಈಗ ಈಕಿ ಇನ್ನೊಂದು ಹಿಡೀತಾಳ. ಏನಾರ ಆದ್ರ ನಿನ್ನ ಕಂಪ್ಯೂಟರ್ ಬಂದು ಎಬ್ಬಸತೈತೇನು?" ಅಂದ. ಮುದುಕಿ ಸೋದರಳಿಯನ ತಲೆಯ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಆಮೇಲೆ ಚಳಿಗಾಲದಲ್ಲಿ, ಹಗಲು ಸಣ್ಣದಾದಾಗ, ಆ ರೋಜಾ ಹಿಡಿದರು. ಸಂಜೆ ಹೊತ್ತು ನೀನೇ ನೋಡಿ ಹೇಳು ಅಂತ ದಾವಲಣ್ಣನನ್ನು ಕರೆಸಿದರು. ಇವರು ಹೋಗಿ ಜೊತೆಗೆ ಕೂತರು, ಹೊತ್ತು ಮಾತ್ರ ಹೇಳಲಿಲ್ಲ. ಬಾಂಗ್ ಕೇಳು ಅತ್ತಿ ಅಂದರಂತೆ.

ಮುಂಡರಗಿಯಲ್ಲಿ ಇನ್ನೊಂದು ಬಗೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿಯವನೊಬ್ಬ ದಾವಲಣ್ಣನ ಹೆಸರು ತೆಗೆದು ತನ್ನ ಅಂಗಡಿಯ ಹೆಸರು ಹಾಕಿ ಆ ಟೂಲನ್ನು ಹಂಚಿದ್ದ. ಹಂಚಬಹುದು, ಅದಕ್ಕೆಂದೇ ಬಿಚ್ಚಿಟ್ಟದ್ದಲ್ಲವೇ. ಈಗ ತಪ್ಪಿನ ಸುದ್ದಿ ಮುಟ್ಟಿ ಜನ ಅವನ ಅಂಗಡಿಯ ಮುಂದೆ ನಿಂತು ಬೈಯುತ್ತಿದ್ದರು. ದಾವಲಣ್ಣನ ಹೆಸರು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಅವರ ಅಂಗಿ ಜಗ್ಗಿದೆ, ಬಸ್ಸು ಬಂದಿದೆ ನಡೆಯಿರಿ ಅಂದೆ. ಅವರು ಹೋಗಿ ಗುಂಪಿನ ನಡುವೆ ನಿಂತು, "ಇವರಿಗೆ ಅನಬ್ಯಾಡ್ರಿ. ಮಾಡಿದಾವ ನಾನು" ಅಂದರು. ಅಂಗಡಿಯವನಿಗೆ ಉಸಿರು ಬಂದಂತಾಯಿತು. ಗುಂಪು ಇವರ ಕಡೆ ತಿರುಗಿತು. ಅಲ್ಲಿ ಏನೇನು ಅಂದರು ಅನ್ನುವುದನ್ನು ನಾನು ಬರೆಯುವುದಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ನಿದ್ದೆ ಮಾಡಲಿಲ್ಲ.

ಹಬ್ಬದ ಮೇಲೆ ಎಲ್ಲ ತಣ್ಣಗಾಯಿತು. ಜನ ಒಂದೊಂದು ರೋಜಾ ಹಿಡಿದರು, ಮರೆತರು. ಖಾಜಾ ಚಾಚಾ ಪ್ರೆಸ್ಸಿಗೆ ಬಂದು ಮೊದಲಿನ ಹಾಗೇ ಚಹ ಕುಡಿದರು. ಮಸೀದಿಗೆ ಮತ್ತೆ ಕಾರ್ಡು ಬಂತು, ಅಚ್ಚಾಗುವುದು ಬೇರೆ ಕಡೆ. ಮರೆಯದವರು ದಾವಲಣ್ಣ ಒಬ್ಬರೇ. ವೆಬ್‌ಸೈಟಿನಲ್ಲಿದ್ದ ಟೂಲುಗಳನ್ನೆಲ್ಲ ತೆಗೆದುಹಾಕಿದರು. ಬಣ್ಣ ಬದಲಿಸುವುದು ನಿಂತಿತು. ಬಿಳಿಯ ಪುಟದ ಮೇಲೆ, ನಾನು ಮಾಡಿದ ರೋಜಾ ವೇಳೆಯ ಟೂಲ್ ತಪ್ಪಾಗಿತ್ತು, ನಿಮ್ಮಲ್ಲಿದ್ದರೆ ಅಳಿಸಿರಿ ಅನ್ನುವ ಮಾತೊಂದೇ ಉಳಿಯಿತು. ತಿದ್ದಿದ್ದು ಸರಿ ಇದೆಯಲ್ಲ ಅಂತ ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಸೀದಿಯಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲುವರಂತೆ. ಓಣಿಯಲ್ಲಿ ಈಗ ಜನ ಮೊಬೈಲ್ ಹಿಡಿದು ಎದುರಿಗೇ ನಡೆದು ಬರುತ್ತಿದ್ದರು, ಇವರು ಬದಿಗೆ ಸರಿದು ಹೋಗುವರು.

ಮುಂದಿನ ವರ್ಷದಿಂದ ರಂಜಾನಿನಲ್ಲಿ ಭಾಭಿಯೂ ನಾನೂ ಒಂದು ಪದ್ಧತಿ ಮಾಡಿಕೊಂಡೆವು. ರೋಜಾ ಬಿಡುವ ಹೊತ್ತಿಗೆ ನಾನು ಅವರ ಮನೆಯ ಮಾಳಿಗೆ ಹತ್ತಿ ಸೂರ್ಯ ಮುಳುಗಿದನೋ ಇಲ್ಲವೋ ನೋಡಿ ಬಂದು ಭಾಭಿಗೆ ಮೆಲ್ಲಗೆ ಹೇಳುವುದು, ಆಮೇಲೆ ಅವರಿಬ್ಬರೂ ಬಿಡುವುದು. ದಾವಲಣ್ಣನ ಮುಂದೆ ವೇಳೆಯ ಮಾತು ಬರಬಾರದು, ಅವರಿಗೆ ನೋವಾಗಬಾರದು ಅನ್ನುವುದು ನಮ್ಮ ಲೆಕ್ಕ. ನಾನು ಊರಲ್ಲಿಲ್ಲದ ದಿನ ಭಾಭಿಯೇ ಹತ್ತುತ್ತಿದ್ದರು. ನಾವು ಮಹಾ ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು. ವರ್ಷಗಳು ಹೀಗೇ ಹೋದವು. ರಂಜಾನ್ ಹಿಂದೆ ಹಿಂದೆ ಸರಿದು ಬೇಸಿಗೆಗೆ ಬಂತು.

ಆ ಬೇಸಿಗೆ ದಾವಲಣ್ಣ ಹಾಸಿಗೆ ಹಿಡಿದಿದ್ದರು. ಎದೆ ಸೋತಿತ್ತು, ಎದ್ದು ಕೂರಲು ಇನ್ನೊಬ್ಬರ ಕೈ ಬೇಕು. ತಾವು ರೋಜಾ ಹಿಡಿಯುವಂತಿರಲಿಲ್ಲ, ಭಾಭಿ ಹಿಡಿದಿದ್ದರು. ಹಬ್ಬದ ಚಂದ್ರನನ್ನು ಅವರು ನೋಡಲಿಲ್ಲ. ನಾನು ಅವರನ್ನು ಕೊನೆಯ ಸಲ ಕಂಡದ್ದು ಆ ತಿಂಗಳ ಒಂದು ಸಂಜೆ.

ಭಾಭಿ ಅವರ ಮಂಚದ ಪಕ್ಕ ಚಾಪೆ ಹಾಸಿ ಕೂತಿದ್ದರು. ತಟ್ಟೆಯಲ್ಲಿ ಖಜೂರಿ, ಕಲ್ಲಂಗಡಿಯ ಹೋಳು. ಮನೆಯಲ್ಲಿ ಅವರು ಉರ್ದು ಆಡುತ್ತಾರೆ, ನಾನಿದ್ದಾಗ ಮಾತ್ರ ಕನ್ನಡ. ಮಸೀದಿಯ ಸೈರನ್ ಕೂಗಿತು. ನಾನು ಎದ್ದು ಮಾಳಿಗೆಯ ಮೆಟ್ಟಿಲ ಕಡೆ ಹೊರಟೆ.

"ಕುಂಡರು ಗಿರಿಜಾ" ಅಂದರು ಭಾಭಿ. "ಇವತ್ತ ಇವರು ಹೇಳತಾರ."

ದಾವಲಣ್ಣ ಗೋಡೆಯ ಕಡೆ ಮುಖ ತಿರುಗಿಸಿದರು. "ಸೈರನ್ ಆತಲ್ಲ. ತಿನ್ನು."

"ಸೈರನ್ ಊರಿಗಾತು. ನನಗ ನೀವು ಹೇಳ್ರಿ." ಭಾಭಿ ದಾವಲಣ್ಣನ ಮೊಬೈಲನ್ನು ಹಾಸಿಗೆಯ ಮೇಲಿಟ್ಟರು. ಪರದೆಯ ಮೇಲೆ ಆ ಹಳೆಯ ಟೂಲು ಇತ್ತು, ತಿದ್ದಿದ್ದು. ಜಗತ್ತಿನ ಎಲ್ಲ ಮೊಬೈಲಿನಿಂದ ಅಳಿಸಿ ಬಂದ ಮನುಷ್ಯ ತಮ್ಮದರಲ್ಲಿ ಅದನ್ನು ಇಟ್ಟುಕೊಂಡಿದ್ದರು ಅನ್ನುವುದು ನನಗೆ ಆಗಲೇ ತಿಳಿದದ್ದು.

"ಬ್ಯಾಡ" ಅಂದರು ಅವರು. "ಗಿರಿಜಾನ್ನ ಮ್ಯಾಲ ಕಳಸು. ದಿನಾ ಹೋಗತಾಳಲ್ಲ. ಆಕಿ ಹತ್ತೂದು ಇಳಿಯೂದು ನನಗ ಕೇಳಸ್ತೈತಿ."

ನಾನು ಮೆಟ್ಟಿಲ ಬಳಿಯೇ ನಿಂತೆ. ಅಷ್ಟು ವರ್ಷ, ಪ್ರತಿ ರಂಜಾನಿನ ಪ್ರತಿ ಸಂಜೆ, ನಾನು ಧಡಧಡ ಮೆಟ್ಟಿಲು ಹತ್ತಿದ್ದನ್ನು ಆ ಮನುಷ್ಯ ಕೆಳಗೆ ಕೂತು ಕೇಳಿದ್ದರು. ನಿಮ್ಮನ್ನು ನಂಬುವುದಿಲ್ಲ ಅಂತ ಲಕ್ಷ್ಮೇಶ್ವರದಲ್ಲಿ ಯಾರೂ ಹೇಳಿರಲಿಲ್ಲ, ಮುಂಡರಗಿಯವರೂ ಹೇಳಿರಲಿಲ್ಲ. ದಿನವೂ ಹೇಳಿದವಳು ನಾನು. ನಾಚಿಕೆಯಾಯಿತು. ಗೋಡೆ ಹಿಡಿದು ಕೂತೆ.

ಭಾಭಿ ಖಜೂರಿಯನ್ನು ಕೈಯಲ್ಲಿ ಹಿಡಿದಿದ್ದರು, ತಿನ್ನಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ತಟ್ಟೆ ಲೋಟದ ಸದ್ದು ಆಗುತ್ತಿತ್ತು. ಬಾಂಗ್ ಮುಗಿಯಿತು. ಬೇಸಿಗೆಯ ಹಗಲೆಲ್ಲ ನೀರಿಲ್ಲದೆ ಅವರ ತುಟಿ ಒಡೆದಿತ್ತು.

"ನಾಲ್ಕೂರಿಗೆ ಹೋಗಿ ತಪ್ಪು ಹೇಳಿ ಬಂದ್ರಿ" ಅಂದರು ಭಾಭಿ. "ಮನ್ಯಾಗ ಒಬ್ಬಾಕಿಗೆ ವ್ಯಾಳ್ಯಾ ಹೇಳಾಕ ಆಗಂಗಿಲ್ಲೇನು? ನೀವು ಹೇಳೂ ಮಟಾ ನಾ ಬಿಡಾಕಿ ಅಲ್ಲ."

ದಾವಲಣ್ಣ ಹೊರಳಿ ಕೈ ಚಾಚಿದರು. ನಾನು ಕನ್ನಡಕ ಕೊಟ್ಟೆ, ಭಾಭಿ ಬೆನ್ನಿಗೆ ಕೈಯಾನಿಸಿ ಎಬ್ಬಿಸಿದರು. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಗೋಡೆಯ ಗಡಿಯಾರ ನೋಡಿದರು. ಮತ್ತೆ ಮೊಬೈಲ್ ನೋಡಿದರು.

"ಆತು" ಅಂದರು. "ವ್ಯಾಳ್ಯಾ ಆತು. ತಿನ್ನು."

ಭಾಭಿ ಬಿಸ್ಮಿಲ್ಲಾ ಅಂದು ಖಜೂರಿಯನ್ನು ಬಾಯಿಗೆ ಹಾಕಿಕೊಂಡರು. ಅವರು ಅಗಿದು ನುಂಗುವ ತನಕ ದಾವಲಣ್ಣ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.